ಹದಿನೆಂಟು ದಿನದ ಹಿಂದಿನ ಸ್ಕ್ಯಾನು

ಆಸ್ಪತ್ರೆಯವರೆಲ್ಲ ಅವರನ್ನು ಟೈಪಿಸ್ಟಮ್ಮ ಎಂದೇ ಕರೆಯುತ್ತಿದ್ದರು. ಸ್ಕ್ಯಾನಿಂಗ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು, ಡಾಕ್ಟರುಗಳು ಟೇಪಿನಲ್ಲಿ ಗೊಣಗಿದ್ದನ್ನೆಲ್ಲ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೇಳಿ, ರಿಪೋರ್ಟು ಮಾಡಿ ಕೊಟ್ಟವರು. ಮೈಕಿನಲ್ಲಿ ಆಡಿದ ಮಾತು ತಾನೇ ಅಕ್ಷರವಾಗುವ ಯಂತ್ರ ಬಂದ ವರ್ಷವೇ ನಿವೃತ್ತರಾದರು. ಅದಾಗಿ ಎರಡು ವರ್ಷಕ್ಕೆ ಆಸ್ಪತ್ರೆಯಿಂದ ಮತ್ತೆ ಕರೆ ಬಂತು. ಮೇಜಿನ ಮೇಲೆ ಗಡಿಯಾರವೊಂದನ್ನು ಬಿಚ್ಚಿಕೊಂಡು ಕೂತಿದ್ದ ಅವರ ಗಂಡ ತಲೆ ಎತ್ತದೆಯೇ, “ಏನಂತೆ, ಮಿಷನ್ನಿಗೆ ಕಾಗುಣಿತ ಬರಲ್ಲವಂತಾ?” ಎಂದು ಕೇಳಿದರು.

“ಓದೋಕೇ ಬರಲ್ಲವಂತೆ,” ಎಂದು ಟೈಪಿಸ್ಟಮ್ಮ ಕನ್ನಡಕ ಒರೆಸಿಕೊಂಡರು. “ನಾಳೆಯಿಂದ ಹೋಗ್ತೀನಿ. ಮಧ್ಯಾಹ್ನದ ಅಡುಗೆ ನಿಮ್ಮದು.”

“ಹಾಗಾದ್ರೆ ಈ ಗಡಿಯಾರ?”

“ಅದು ಏಳು ವರ್ಷದಿಂದ ನಿಂತಿದೆ. ಇನ್ನೂ ಸ್ವಲ್ಪ ದಿನ ನಿಲ್ಲಲಿ ಬಿಡಿ.”

ಅವರಿಗೆ ಕೊಟ್ಟಿದ್ದು ಹಿಂದೆ ಎಕ್ಸ್‌ರೇ ಫಿಲ್ಮುಗಳನ್ನು ಪೇರಿಸಿಡುತ್ತಿದ್ದ ಕೋಣೆ. ಕಬ್ಬಿಣದ ರ‍್ಯಾಕುಗಳು ಇನ್ನೂ ಹಾಗೇ ಇದ್ದವು, ಫಿಲ್ಮು ಮಾತ್ರ ಇರಲಿಲ್ಲ. ಇದ್ದ ಒಂದೇ ಕಿಟಕಿ ಆಂಬುಲೆನ್ಸ್ ನಿಲ್ಲುವ ಜಾಗಕ್ಕೆ ತೆರೆಯುತ್ತಿತ್ತು. ಎರಡು ಕಂಪ್ಯೂಟರುಗಳ ಪೈಕಿ ಒಂದರ ಮುಂದೆ, ಕುರ್ಚಿಯ ಮೇಲೆ ಕಾಲು ಮಡಚಿಕೊಂಡು, ಇಪ್ಪತ್ತೆಂಟರ ಇಂಜಿನಿಯರ್ ಹುಡುಗಿ ಕೂತಿದ್ದಳು. ಈ ಕೆಲಸಕ್ಕೆಂದೇ ಆಸ್ಪತ್ರೆ ಅವಳನ್ನು ನೇಮಿಸಿಕೊಂಡಿತ್ತು.

“ಆಂಟಿ, ನಾವು ಮಾಡ್ತಿರೋದಕ್ಕೆ ಡೇಟಾ ಮೈನಿಂಗ್ ಅಂತಾರೆ,” ಎಂದಳು. “ಗಣಿ ಅಗೆದ ಹಾಗೆ. ಹಳೇ ಮಾಹಿತಿ ಬೆಟ್ಟದಷ್ಟು ಬಿದ್ದಿದೆ. ಅದನ್ನ ಅಗೆದು ಒಳಗಿರೋದನ್ನ ತೆಗೆಯೋದು.”

“ಸರಿ ಹೋಯ್ತು. ಮೂವತ್ತೊಂದು ವರ್ಷ ಆ ಬೆಟ್ಟಕ್ಕೆ ಮಣ್ಣು ಹೊತ್ತೋಳು ನಾನೇ.”

ಹುಡುಗಿ ನಕ್ಕು ಕಾಲು ಕೆಳಗಿಳಿಸಿದಳು. ಆಮೇಲೆ ವಿಷಯ ಬಿಡಿಸಿ ಹೇಳಿದಳು. ಆಸ್ಪತ್ರೆಯಲ್ಲಿ ಇದುವರೆಗೆ ತೆಗೆದ ನಲವತ್ತೆರಡು ಸಾವಿರ ತಲೆಯ ಸ್ಕ್ಯಾನುಗಳಿವೆ. ಒಂದೊಂದು ಸ್ಕ್ಯಾನಿನಲ್ಲೂ ತಲೆಯನ್ನು ಬ್ರೆಡ್ಡಿನ ಹಾಗೆ ಅಡ್ಡಡ್ಡ ಹೋಳು ಮಾಡಿ ತೋರಿಸುವ ಮೂವತ್ತು ನಲವತ್ತು ಚಿತ್ರಗಳು. ಯಾವುದರಲ್ಲಿ ಮೆದುಳಿನ ರಕ್ತಸ್ರಾವ ಇತ್ತು, ಯಾವುದರಲ್ಲಿ ಇರಲಿಲ್ಲ ಎಂದು ತಿಳಿಸಿಕೊಟ್ಟರೆ, ಚಿತ್ರ ನೋಡಿ ಗುರುತಿಸುವುದನ್ನು ಪ್ರೋಗ್ರಾಂ ತಾನೇ ಕಲಿಯುತ್ತದೆ. ಆದರೆ ಆ ಉತ್ತರ ಇರುವುದು ಡಾಕ್ಟರುಗಳ ರಿಪೋರ್ಟಿನಲ್ಲಿ. ಒಬ್ಬೊಬ್ಬ ಡಾಕ್ಟರು ಬರೆದಿದ್ದು ಒಂದೊಂದು ರೀತಿ.

“ರಕ್ತಸ್ರಾವ ಇಲ್ಲ” ಎಂದು ಬರೆದಿದ್ದನ್ನೂ ಪ್ರೋಗ್ರಾಂ ಮೊದಮೊದಲು ರಕ್ತಸ್ರಾವದ ಲೆಕ್ಕಕ್ಕೇ ಸೇರಿಸುತ್ತಿತ್ತು, ಆ ಪದ ಕಂಡದ್ದೇ ಅದಕ್ಕೆ ಸಾಕಾಗಿತ್ತು. ಅದನ್ನು ಹುಡುಗಿ ಒಂದು ವಾರದಲ್ಲಿ ಸರಿಪಡಿಸಿದ್ದಳು. ಅವಳು ಸಿಕ್ಕಿಬಿದ್ದದ್ದು ಮಿಕ್ಕ ಮಾತುಗಳಲ್ಲಿ. ಒಬ್ಬರು “ಹಿಂದಿನಂತೆಯೇ ಇದೆ” ಎಂದಷ್ಟೇ ಬರೆಸಿ ಎದ್ದು ಹೋಗುತ್ತಿದ್ದರು. ಹಿಂದೆ ಏನಿತ್ತು ಎನ್ನುವುದಕ್ಕೆ ಹಿಂದಿನ ರಿಪೋರ್ಟನ್ನೇ ಹುಡುಕಬೇಕು. ಇನ್ನೊಬ್ಬರು ಬರೆಸಿದ್ದೆಲ್ಲ ಒಂದೇ: “ರಕ್ತಸ್ರಾವ ಇಲ್ಲವೆಂದು ಖಚಿತವಾಗಿ ಹೇಳಲಾಗದು.”

“ಇದನ್ನ ಏನಂತ ತಗೊಳ್ಳಲಿ ಆಂಟಿ? ಇದೆ ಅಂತಲಾ, ಇಲ್ಲ ಅಂತಲಾ?”

ಟೈಪಿಸ್ಟಮ್ಮ ಕೆಳಗಿನ ಸಹಿ ನೋಡಿದರು. “ಇವರದಾ? ಇಲ್ಲ ಅಂತಲೇ ಅರ್ಥ. ಮನೆಗೆ ಬೀಗ ಹಾಕಿ ಬೀದಿ ತುದಿಗೆ ಬಂದೋರು ಮೂರು ಸಲ ವಾಪಸ್ ಹೋಗಿ ಬೀಗ ಜಗ್ಗಿ ನೋಡೋ ಆಸಾಮಿ. ನಿಜವಾಗ್ಲೂ ಅನುಮಾನ ಇದ್ರೆ ‘ಎರಡು ದಿನ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ’ ಅಂತ ಕೊನೇಲಿ ಒಂದು ಸಾಲು ಸೇರಿಸ್ತಿದ್ರು. ಆ ಸಾಲು ಇದ್ಯಾ ನೋಡು.”

ಹುಡುಗಿ ಅವರ ಮಾತನ್ನು ಹಾಗೇ ನಂಬಲಿಲ್ಲ. ಆ ಡಾಕ್ಟರ ತೊಂಬತ್ತು ರಿಪೋರ್ಟು ತೆಗೆದು, ಆ ರೋಗಿಗಳಿಗೆ ಮುಂದೆ ಏನಾಯಿತೆಂದು ಹುಡುಕಿ ತಾಳೆ ನೋಡಿದಳು. ಎಂಬತ್ತೆಂಟರಲ್ಲಿ ಟೈಪಿಸ್ಟಮ್ಮ ಹೇಳಿದ್ದೇ ಸರಿಯಿತ್ತು. ಅಂದಿನಿಂದ ಅವಳು ಪ್ರತಿ ಡಾಕ್ಟರ ಹೆಸರಿನಲ್ಲೂ ಒಂದೊಂದು ಹಾಳೆ ತೆರೆದು, ಟೈಪಿಸ್ಟಮ್ಮ ಹೇಳಿದ್ದನ್ನು ನಿಯಮವಾಗಿ ಬರೆದು, ಆ ನಿಯಮಗಳನ್ನು ಪ್ರೋಗ್ರಾಮಿಗೆ ಉಣಿಸುತ್ತ ಹೋದಳು. ತಾವೇ ಮಾಡಿದ್ದ ತಪ್ಪುಗಳೂ ಟೈಪಿಸ್ಟಮ್ಮನಿಗೆ ಸಿಕ್ಕಿದವು. ಹನ್ನೊಂದು ಕಡೆ ‘ಬಲ’ ಇರಬೇಕಾದಲ್ಲಿ ‘ಎಡ’ ಆಗಿತ್ತು. ಆ ಹನ್ನೊಂದನ್ನೂ ಬೇರೆಯಾಗಿ ಪಟ್ಟಿ ಮಾಡಿ, ಕೆಳಗೆ ಸಹಿ ಹಾಕಿ ಕೊಟ್ಟರು. “ಬೇಕಿರಲಿಲ್ಲ ಆಂಟಿ, ನಾನೇ ತಿದ್ದುತ್ತಿದ್ದೆ,” ಎಂದಳು ಹುಡುಗಿ. “ತಿದ್ದು. ಯಾರು ಮಾಡಿದ್ದು ಅಂತಾನೂ ಇರಲಿ,” ಎಂದರು ಅವರು.

ಸ್ಕ್ಯಾನಿಂಗ್ ವಿಭಾಗದ ಮುಖ್ಯಸ್ಥರಾದ ದೊಡ್ಡ ಡಾಕ್ಟರಿಗೆ ಈ ಪ್ರೋಗ್ರಾಂ ಬಗ್ಗೆ ಅಂಥ ಭರವಸೆಯೇನೂ ಇರಲಿಲ್ಲ. ಮೊದಲ ಸಲ ತೋರಿಸಿದಾಗ ಅವರು ಐದೇ ನಿಮಿಷದಲ್ಲಿ ಅದರ ಹುಳುಕು ಹೊರಗೆಳೆದಿದ್ದರು. “ಇದು ರಕ್ತ ನೋಡ್ತಿಲ್ಲ ಕಣಮ್ಮಾ, ಪಟ್ಟಿ ನೋಡ್ತಿದೆ,” ಎಂದು ಪರದೆಗೆ ಬೆರಳಿಟ್ಟರು. ಎಮರ್ಜೆನ್ಸಿಯ ಸ್ಕ್ಯಾನರಿನಲ್ಲಿ ರೋಗಿ ಅಲುಗದಂತೆ ತಲೆಗೊಂದು ಪಟ್ಟಿ ಕಟ್ಟುತ್ತಾರೆ, ಅದರ ಬಕಲ್ ಚಿತ್ರದಲ್ಲಿ ಚುಕ್ಕಿಯಾಗಿ ಬೀಳುತ್ತದೆ. ಎಮರ್ಜೆನ್ಸಿಗೆ ಬಂದವರಲ್ಲೇ ರಕ್ತಸ್ರಾವ ಜಾಸ್ತಿ. ಚುಕ್ಕಿ ಕಂಡರೆ ರಕ್ತಸ್ರಾವ ಎನ್ನುವುದನ್ನು ಪ್ರೋಗ್ರಾಂ ಕಲಿತುಬಿಟ್ಟಿತ್ತು. ಹುಡುಗಿಯ ಕಿವಿ ಕೆಂಪಾಯಿತು. ತಲೆಬುರುಡೆಯ ಹೊರಗಿನದ್ದನ್ನೆಲ್ಲ ಚಿತ್ರಗಳಿಂದ ಕತ್ತರಿಸಿ ತೆಗೆದು ಮೊದಲಿನಿಂದ ಕಲಿಸಿದಳು. ಅದಕ್ಕೆ ಐದು ವಾರ ಹಿಡಿಯಿತು. ಈ ಸಲ ಪ್ರೋಗ್ರಾಂ ಕಲಿತದ್ದು ಗಟ್ಟಿಯಾಗಿತ್ತು. ಅದು ಹಿಂದೆಂದೂ ನೋಡಿರದ ಎರಡು ಸಾವಿರ ಸ್ಕ್ಯಾನು ಮುಂದಿಟ್ಟಾಗ, ರಕ್ತಸ್ರಾವ ಇದ್ದ ನೂರರಲ್ಲಿ ತೊಂಬತ್ತಾರನ್ನು ಹಿಡಿಯಿತು.

ಆಮೇಲೆ ಅದನ್ನು ಇಡೀ ರಾಶಿಯ ಮೇಲೆ ಓಡಿಸಿದರು. ಹಳೆಯದು ಮುಗಿಸಿ ಮೊನ್ನೆ ಮೊನ್ನೆಯವರೆಗೆ ಬಂದಾಗ, ರಿಪೋರ್ಟಿನಲ್ಲಿ ‘ರಕ್ತಸ್ರಾವ ಇಲ್ಲ’ ಎಂದಿದ್ದರೂ ಪ್ರೋಗ್ರಾಂ ‘ಇದೆ’ ಎಂದ ಸ್ಕ್ಯಾನುಗಳ ಪಟ್ಟಿಯೊಂದು ಸಿಕ್ಕಿತು. ಇನ್ನೂರ ಹನ್ನೆರಡು. ಇಬ್ಬರೂ ಕೂತು ಒಂದೊಂದಾಗಿ ಬಿಡಿಸತೊಡಗಿದರು. ಬಹುಪಾಲು ಮಾತಿನ ಗೊಂದಲವೇ ಆಗಿತ್ತು. ಕೆಲವೆಡೆ ಪ್ರೋಗ್ರಾಂ ಸುಣ್ಣಗಟ್ಟಿದ ಚುಕ್ಕಿಯನ್ನು ರಕ್ತವೆಂದು ತಿಳಿದಿತ್ತು. ಕೆಲವು ಹತ್ತು ಹದಿನೈದು ವರ್ಷ ಹಳೆಯವು, ಆ ರೋಗಿಗಳು ಮುಂದೆ ಹುಷಾರಾಗಿ ಓಡಾಡಿಕೊಂಡಿದ್ದಕ್ಕೆ ದಾಖಲೆಯಿತ್ತು.

ಮಂಗಳವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ನೂರ ನಲವತ್ತನೆಯದು ಬಂತು. ಟೈಪಿಸ್ಟಮ್ಮ ರಿಪೋರ್ಟು ಓದಿದರು. ಚೊಕ್ಕ ಮೂರು ಸಾಲು, ರಕ್ತಸ್ರಾವ ಇಲ್ಲ. ಅರ್ಥದಲ್ಲಿ ಗೊಂದಲವೇ ಇಲ್ಲ. ಅವರ ಕಣ್ಣು ತಾರೀಖಿನ ಮೇಲೆ ನಿಂತಿತು.

“ಇದು ಹಳೇದಲ್ಲ ಕಣೇ. ಹದಿನೆಂಟು ದಿನ ಆಗಿದೆ ಅಷ್ಟೇ.”

ಹುಡುಗಿ ಚಿತ್ರ ತೆರೆದಳು. ಪ್ರೋಗ್ರಾಂ ಬಲ ನೆತ್ತಿಯ ಬಳಿ, ಕೊನೆಯ ಮೂರು ಹೋಳುಗಳಲ್ಲಿ ಸಣ್ಣದೊಂದು ಗೆರೆ ಎಳೆದಿತ್ತು. ಇಬ್ಬರಿಗೂ ಅಲ್ಲಿ ಏನೂ ಕಾಣಲಿಲ್ಲ.

“ಪ್ರೋಗ್ರಾಮ್ದೇ ತಪ್ಪಿರಬಹುದು ಆಂಟಿ.”

“ತಪ್ಪಿದ್ರೆ ತಪ್ಪು ಅಂತ ಡಾಕ್ಟರ್ ಹೇಳ್ತಾರೆ. ಏಳು.”

“ಅವರೀಗ ಕೆಲಸದಲ್ಲಿರ್ತಾರೆ. ಬೈದ್ರೆ?”

“ನಾನು ಅವರ ಬೈಗುಳಾನೂ ಟೈಪ್ ಮಾಡಿದೀನಿ. ಏಳು ಅಂದ್ನಲ್ಲ.”

ದೊಡ್ಡ ಡಾಕ್ಟರು ದೀಪ ಆರಿಸಿದ ಕೋಣೆಯಲ್ಲಿ ಮೂರು ಪರದೆಗಳ ಮುಂದೆ ಕೂತಿದ್ದರು. ಟೈಪಿಸ್ಟಮ್ಮ ಸ್ಕ್ಯಾನಿನ ನಂಬರನ್ನಷ್ಟೇ ಹೇಳಿದರು, ಬೇರೇನೂ ಹೇಳಲಿಲ್ಲ. ಅವರು ಚಿತ್ರಗಳನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ಓಡಿಸಿದರು. “ಏನಿದೆ ಇದರಲ್ಲಿ?” ಎಂದರು.

“ಕೊನೇ ಮೂರು ನೋಡಿ ಅಂತಿದೆ ಪ್ರೋಗ್ರಾಂ. ಬಲಗಡೆ.”

ಡಾಕ್ಟರು ಕೊನೆಯ ಹೋಳುಗಳಿಗೆ ಹೋಗಿ ನಿಂತರು. ಬುರುಡೆಯ ಮೂಳೆ ಬೆಳ್ಳಗೆ ಹೊಳೆಯುತ್ತಿತ್ತು. ಅವರು ಬೆಳಕಿನ ಅಳತೆಯನ್ನು ನಿಧಾನವಾಗಿ ಬದಲಿಸುತ್ತ ಹೋದರು. ಮೂಳೆಯ ಹೊಳಪು ತಗ್ಗುತ್ತ ಬಂದ ಹಾಗೆ, ಅದಕ್ಕಂಟಿಕೊಂಡ ಇನ್ನೊಂದು ಬಿಳುಪು ಬೇರೆಯಾಗಿ ಕಂಡಿತು, ನೂಲಿನಷ್ಟು ತೆಳು.

ಡಾಕ್ಟರು ಕುರ್ಚಿಯನ್ನು ಹಿಂದಕ್ಕೆ ತಳ್ಳಲಿಲ್ಲ, ನಿಟ್ಟುಸಿರನ್ನೂ ಬಿಡಲಿಲ್ಲ. “ಇದೆ,” ಎಂದರು. “ಯಾರು ನೋಡಿದ್ದು ಇದನ್ನ?” ಎಂದು ಕೇಳಿದರು.

ಟೈಪಿಸ್ಟಮ್ಮ, “ನೀವೇ, ಸಾರ್,” ಎಂದರು.

ಅವರು ರಿಪೋರ್ಟು ತೆರೆದು ತಮ್ಮದೇ ಸಹಿ ನೋಡಿದರು. ಅದನ್ನು ಮುಚ್ಚಿ ರೋಗಿಯ ಅರ್ಜಿ ತೆರೆದರು. ಐವತ್ತೆಂಟು ವರ್ಷ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಡಾಕ್ಟರು ಆ ಸಾಲನ್ನು ಎರಡು ಸಲ ಓದಿದರು.

“ಆ ಮಾತ್ರೆ ತಗೋತಿದ್ರೆ ಇದು ಒಳಗೊಳಗೇ ಬೆಳೀತಾ ಹೋಗುತ್ತೆ. ಮೂರು ವಾರಕ್ಕೆ ಮೆದುಳನ್ನ ಪಕ್ಕಕ್ಕೆ ಒತ್ತಿಬಿಡುತ್ತೆ. ಇವರನ್ನ ಇವತ್ತೇ ಕರೆಸಬೇಕು, ನಾಳೆಗೆ ಬಿಡೋ ಹಾಗಿಲ್ಲ.” ಆಮೇಲೆ ಹುಡುಗಿಯ ಕಡೆ ತಿರುಗಿ, “ಒಳ್ಳೇ ಕೆಲಸ ಮಾಡಿದೀಯ ಕಣಮ್ಮಾ,” ಎಂದರು. ಆ ಮಾತನ್ನು ಅವರು ಗಡುಸಾಗೇ ಹೇಳಿದರು. ಆದರೂ ಹುಡುಗಿಗೆ ಸರಿಯಾಗೇ ಮುಟ್ಟಿತು.

ಅರ್ಜಿಯಲ್ಲಿದ್ದ ಫೋನ್ ನಂಬರು ಸ್ವಿಚ್ ಆಫ್. ವಿಳಾಸದಲ್ಲಿ ಬೀದಿಯ ಹೆಸರಿತ್ತು, ಮನೆಯ ನಂಬರಿರಲಿಲ್ಲ. ಆ ಬೀದಿಯಲ್ಲಿ ನಾನೂರು ಮನೆಗಳಿದ್ದವು. ದಾಖಲೆ ವಿಭಾಗದ ಗುಮಾಸ್ತರು, “ಪತ್ರ ಹಾಕೋಣ, ಎರಡು ದಿನದಲ್ಲಿ ಸೇರುತ್ತೆ,” ಎಂದರು.

“ಎರಡು ದಿನ ಬಿಟ್ಟು ಅದನ್ನ ಓದೋಕೆ ಅವರು ಇರಬೇಕಲ್ಲಪ್ಪಾ,” ಎಂದ ಟೈಪಿಸ್ಟಮ್ಮ ಅರ್ಜಿಯನ್ನು ಅವರ ಕೈಯಿಂದ ತೆಗೆದುಕೊಂಡರು. ಮೂವತ್ತೊಂದು ವರ್ಷ ಬೇರೆಯವರ ಗೀಚು ಓದಿದ ಕಣ್ಣು ಅದು. ಮೂಲೆಯಲ್ಲಿ ನರ್ಸೊಬ್ಬರು ಅವಸರದಲ್ಲಿ ಬರೆದಿದ್ದು ಸಿಕ್ಕಿತು: ‘ಬೋರ್ಡು ಬರೆಯುವ ಕೆಲಸ. ಸೇತುವೆ ಪಕ್ಕದ ಔಷಧಿ ಅಂಗಡಿಯಲ್ಲಿ ಸ್ಟೂಲಿನಿಂದ ಜಾರಿ ಶೆಲ್ಫಿಗೆ ತಲೆ ತಾಗಿದೆ.’

ಸೇತುವೆಗೆ ಬಸ್ಸಿನಲ್ಲಿ ಹತ್ತು ನಿಮಿಷ. ಟೈಪಿಸ್ಟಮ್ಮ, ಹುಡುಗಿ ಇಬ್ಬರೂ ಹೊರಟರು. ಅಂಗಡಿಯ ಒಳಗೋಡೆಯ ಮೇಲೆ ಹಸಿರು ಬಣ್ಣದಲ್ಲಿ ಔಷಧಿಗಳ ವಿಂಗಡಣೆ ಬರೆದಿತ್ತು. ಒಂದೊಂದು ಅಕ್ಷರವೂ ಅಚ್ಚು ಹಾಕಿದಂತಿತ್ತು. ಅಂಗಡಿಯವನಿಗೆ ಹೆಸರು ಹೇಳಿದರೆ ಗೊತ್ತಾಗಲಿಲ್ಲ, ಬಿದ್ದವರು ಎಂದಾಗ ಗೊತ್ತಾಯಿತು.

“ಓ, ಕುಂಚಣ್ಣನಾ! ಹೆಸರು ಹಿಡಿದು ಅವರನ್ನ ಯಾರೂ ಕರೆಯಲ್ಲ. ಅವತ್ತು ಬಿದ್ದಾಗ ಅವರ ಫೋನೂ ಚೂರಾಯ್ತು, ಇನ್ನೂ ಹೊಸದು ತಗೊಂಡಿಲ್ಲ. ಅವರ ಹೆಂಡತಿ ಎದುರು ಬೀದೀಲಿ ಬಟ್ಟೆ ರಿಪೇರಿ ಮಾಡ್ತಾರೆ, ನೀಲಿ ಬಾಗಿಲು.”

ನೀಲಿ ಬಾಗಿಲ ಒಳಗೆ ಹೊಲಿಗೆ ಮಿಷನ್ನಿನ ಹಿಂದೆ, ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು ಒಬ್ಬ ಹೆಂಗಸು ಕೂತಿದ್ದರು. ಆಸ್ಪತ್ರೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು.

“ಏನೂ ಇಲ್ಲ ಅಂತ ಹೇಳಿ ಕಳಿಸಿದ್ರಲ್ಲ?”

“ಹೇಳಿದ್ವಿ. ಅದು ತಪ್ಪಾಗಿದೆ,” ಎಂದರು ಟೈಪಿಸ್ಟಮ್ಮ. “ಅವರು ಹೇಗಿದಾರೆ ಈಗ?”

ಆಕೆ ಕಟ್ಟೆ ಒಡೆದ ಹಾಗೆ ಮಾತಾಡಿದರು. “ಹೇಗಿದಾರೆ ಅಂದ್ರೆ ಏನು ಹೇಳಲಿ? ತಲೆನೋವು ಅಂತಾರೆ. ಕೂತಲ್ಲೇ ತೂಕಡಿಸ್ತಾರೆ. ಎಡಗಾಲಿನ ಚಪ್ಪಲಿ ಎಳ್ಕೊಂಡು ನಡೀತಾರೆ. ಸರಿಯಾಗಿ ನಡೀರಿ ಅಂತ ನಾನೇ ಬೈದೆ. ನಿನ್ನೆ ಎಡಗೈಲಿದ್ದ ಲೋಟ ಜಾರಿ ಬಿತ್ತು, ಅದಕ್ಕೂ ಬೈದೆ. ವಯಸ್ಸಾಯ್ತು, ಸೋಮಾರಿತನ ಜಾಸ್ತಿ ಆಯ್ತು ಅಂದ್ಕೊಂಡಿದ್ದೆ…”

“ಈಗೆಲ್ಲಿದಾರೆ?”

“ಡ್ರೈವಿಂಗ್ ಸ್ಕೂಲಿನ ಗೋಡೆ ಬರೀತಿದಾರೆ. ಏಣಿ ಮೇಲೆ.” ಏಣಿ ಎಂಬ ಪದ ಬಾಯಿಂದ ಬಂದದ್ದೇ ತಡ, ಆಕೆ ಎದ್ದು ನಿಂತಿದ್ದರು. ಮಿಷನ್ನಿನ ಸ್ವಿಚ್ಚನ್ನೂ ಆರಿಸಲಿಲ್ಲ.

ಡ್ರೈವಿಂಗ್ ಸ್ಕೂಲು ಎರಡು ಬೀದಿ ಆಚೆ, ನಾಲ್ಕು ರಸ್ತೆ ಕೂಡುವಲ್ಲಿತ್ತು. ಉದ್ದನೆಯ ಹಳದಿ ಗೋಡೆಯ ಮೇಲೆ ಸ್ಕೂಲಿನ ಹೆಸರನ್ನು ಆಳೆತ್ತರದ ಕೆಂಪು ಅಕ್ಷರಗಳಲ್ಲಿ ಬರೆದಾಗಿತ್ತು. ಅದರ ಕೆಳಗೆ ಸಣ್ಣಕ್ಷರದ ಸಾಲೊಂದು ಅರ್ಧ ಮುಗಿದಿತ್ತು: ‘ಹೆದರುವವರಿಗೂ ತಾಳ್ಮೆಯಿಂದ ಕಲಿಸ’. ಏಣಿಯ ಏಳನೆಯ ಮೆಟ್ಟಿಲ ಮೇಲೆ ಕುಂಚಣ್ಣ ನಿಂತಿದ್ದರು. ಬಲಗೈಯಲ್ಲಿ ಕುಂಚ. ಎಡಗೈಯಲ್ಲಿ ಉದ್ದನೆಯ ಕೋಲು, ಅದರ ತುದಿಯನ್ನು ಗೋಡೆಗೆ ಒತ್ತಿಹಿಡಿದು, ಬಲಗೈಯನ್ನು ಅದರ ಮೇಲೆ ಊರಿಕೊಂಡು ಬರೆಯುವುದು ಅವರ ರೂಢಿ.

“ರೀ, ಇಳೀರಿ ಕೆಳಗೆ!” ಎಂದು ಹೆಂಡತಿ ಓಡಿಹೋಗಿ ಏಣಿ ಹಿಡಿದುಕೊಂಡರು.

“ಏನಾಯ್ತೇ? ಮನೆಗೆ ಬೆಂಕಿ ಬಿತ್ತಾ?”

“ಆಸ್ಪತ್ರೆಯೋರು ಬಂದಿದಾರೆ. ನಿಮ್ಮ ತಲೇಲಿ ರಕ್ತ ಇದೆಯಂತೆ.”

“ಎಲ್ಲರ ತಲೇಲೂ ಇರುತ್ತೆ ಬಿಡು,” ಎಂದರು ಕುಂಚಣ್ಣ. ತಿರುಗಿ ನೋಡಲೂ ಇಲ್ಲ. “ಇನ್ನು ನಾಲ್ಕಕ್ಷರ ಇದೆ. ಬಣ್ಣ ಕಲೆಸಿ ಆಗಿದೆ, ಬಿಟ್ರೆ ಒಣಗುತ್ತೆ. ಮುಗಿಸಿ ಸಂಜೆ ಬರ್ತೀನಿ ಅಂತ ಹೇಳು.”

ಇಂಜಿನಿಯರ್ ಹುಡುಗಿ ಮುಂದೆ ಬಂದು, ಸ್ಕ್ಯಾನು, ಮಾತ್ರೆ, ಒಳಗೊಳಗೇ ಬೆಳೆಯುವ ರಕ್ತ ಎಲ್ಲವನ್ನೂ ವಿವರಿಸಿದಳು. ಚೆನ್ನಾಗೇ ವಿವರಿಸಿದಳು. ಕುಂಚಣ್ಣ ಕೇಳಿಸಿಕೊಳ್ಳುತ್ತಲೇ ಇನ್ನೊಂದು ಅಕ್ಷರ ಶುರು ಮಾಡಿದರು. ಹೆಂಡತಿ ಅಳತೊಡಗಿದರು. ಏಣಿ ಅಲ್ಲಾಡಿಸಿ ಇಳಿಸುವಂತಿರಲಿಲ್ಲ, ಹತ್ತಿ ಎಳೆದು ತರುವಂತೆಯೂ ಇರಲಿಲ್ಲ.

ಟೈಪಿಸ್ಟಮ್ಮ ಇಷ್ಟು ಹೊತ್ತೂ ರಸ್ತೆಯ ಈಚೆ ಬದಿಯಲ್ಲಿ ನಿಂತು ಗೋಡೆಯನ್ನೇ ನೋಡುತ್ತಿದ್ದರು. ಜೀವಮಾನವಿಡೀ ಕಾಗದದ ಮೇಲಿನ ಸಾಲುಗಳನ್ನು ನೋಡಿದವರು. ಅವರು ಅಲ್ಲಿಂದಲೇ ಗಟ್ಟಿಯಾಗಿ ಕೂಗಿದರು.

“ಅಣ್ಣಾ, ಆ ಸಣ್ಣಕ್ಷರದ ಸಾಲು ನೇರ ಬರೋಕೆ ದಾರ ಹಿಡಿದಿದ್ರಾ?”

ಕುಂಚ ನಿಂತಿತು. “ದೊಡ್ಡಕ್ಷರಕ್ಕೆ ಹಿಡೀತೀನಿ. ಸಣ್ಣದಕ್ಕೆ ದಾರ ಹಿಡಿದು ಮೂವತ್ತು ವರ್ಷ ಆಯ್ತು. ಯಾಕೆ?”

“ಸಾಲು ಇಳಿದಿದೆ.”

“ಏನು?”

“ಸಾಲು ಇಳಿದಿದೆ ಅಂದೆ. ‘ಹೆದರುವವರಿಗೂ’ ಸರಿಯಾಗಿದೆ. ‘ತಾಳ್ಮೆ’ಯಿಂದ ಶುರುವಾಗಿದೆ ಇಳಿಯೋಕೆ. ‘ಕಲಿಸ’ ಬರೋ ಹೊತ್ತಿಗೆ ಮೂರು ಬೆರಳು ಕೆಳಗಿದೆ.”

“ಹುಚ್ಚಾ ನಿಮಗೆ!” ಎಂದರು ಕುಂಚಣ್ಣ. ಅವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ನನ್ನ ಸಾಲು ಇಳಿಯೋದಾ?”

“ಅಲ್ಲಿಂದ ನಿಮಗೆ ಕಾಣಲ್ಲ. ಬಂದು ಇಲ್ಲಿಂದ ನೋಡಿ.”

ಕುಂಚಣ್ಣ ಕುಂಚವನ್ನು ಡಬ್ಬಿಗೆ ಅದ್ದಿಟ್ಟು ಇಳಿಯತೊಡಗಿದರು. ಕೆಳಗೆ ಹೆಂಡತಿ ಏಣಿಯನ್ನು ಅವುಚಿ ಹಿಡಿದಿದ್ದರು. ನಾಲ್ಕನೆಯ ಮೆಟ್ಟಿಲಲ್ಲಿ ಎಡಗಾಲು ಒಮ್ಮೆ ಗುರಿ ತಪ್ಪಿತು. ಹುಡುಗಿ ಎರಡೂ ಕೈ ಚಾಚಿ ನಿಂತಳು. ಅವರು ಸಾವರಿಸಿಕೊಂಡು ನೆಲಕ್ಕೆ ಬಂದು, ಚಪ್ಪಲಿ ಎಳೆಯುತ್ತ ರಸ್ತೆ ದಾಟಿ, ಟೈಪಿಸ್ಟಮ್ಮನ ಪಕ್ಕದಲ್ಲಿ ನಿಂತು ತಿರುಗಿದರು.

ಬಹಳ ಹೊತ್ತು ನೋಡಿದರು. ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ ನೋಡಿದರು. ಸಾಲು ಗೋಡೆಯ ಮೇಲಂಚಿನಿಂದ ದೂರವಾಗುತ್ತ ಜಾರಿ ಇಳಿದಿತ್ತು. ಅಡ್ಡಾಡುವ ಮಕ್ಕಳಿಗೂ ಕಾಣುವಷ್ಟು.

“ನಾನು ಬರೆದಿದ್ದಾ ಇದು?” ಎಂದು ಅವರು ಸಣ್ಣ ದನಿಯಲ್ಲಿ ಕೇಳಿದರು.

“ಕೋಲು ಹಿಡಿದ ಕೈ ಇಳೀತಿದೆ ಅಣ್ಣಾ. ಬಲಗೈ ಅದರ ಜೊತೆಗೇ ಇಳಿದಿದೆ. ನಿಮ್ಮ ಬರವಣಿಗೇಲಿ ತಪ್ಪಿಲ್ಲ.” ಟೈಪಿಸ್ಟಮ್ಮ ಅವರ ಎದುರು ಬಂದು ನಿಂತು, ಆಸ್ಪತ್ರೆಯಲ್ಲಿ ಡಾಕ್ಟರುಗಳು ಮಾಡಿಸುತ್ತಿದ್ದ ಪರೀಕ್ಷೆಯನ್ನೇ ಶುರು ಮಾಡಿದರು. “ಕಣ್ಣು ಮುಚ್ಚಿ. ಎರಡೂ ಕೈ ಮುಂದಕ್ಕೆ ಚಾಚಿ, ಅಂಗೈ ಮೇಲೆ ಮಾಡಿ ಹಿಡ್ಕೊಳ್ಳಿ. ಹತ್ತು ಎಣಿಸ್ತೀನಿ.”

ಆರು ಎನ್ನುವಷ್ಟರಲ್ಲಿ ಎಡಗೈ ತಾನಾಗಿ ಒಳಮುಖವಾಗಿ ಹೊರಳಿ ಕೆಳಗೆ ಸರಿಯತೊಡಗಿತು. ಹತ್ತಕ್ಕೆ ಸೊಂಟದ ಹತ್ತಿರವಿತ್ತು. ಕುಂಚಣ್ಣನಿಗೆ ಅದರ ಅರಿವೇ ಇರಲಿಲ್ಲ. ಕಣ್ಣು ತೆರೆದು ಕೈ ಎಲ್ಲಿದೆಯೆಂದು ಹುಡುಕುವ ಹಾಗೆ ನೋಡಿದರು. ಹೆಂಡತಿ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

“ನಡೀರಿ,” ಎಂದರು ಕುಂಚಣ್ಣ. “ಏನು ಮಾಡಬೇಕೋ ಮಾಡಿ.”

ಗಲಾಟೆ ಕೇಳಿ ಹೊರಗೆ ಬಂದಿದ್ದ ಡ್ರೈವಿಂಗ್ ಸ್ಕೂಲಿನ ಮಾಸ್ತರು ತಮ್ಮ ಕಾರಿನ ಬಾಗಿಲು ತೆಗೆದರು. ಕಲಿಯುವವರ ಕಾರಾದ್ದರಿಂದ ಅದಕ್ಕೆ ಎರಡೆರಡು ಬ್ರೇಕು. ಪಕ್ಕದ ಸೀಟಿನಲ್ಲಿ ಕೂತ ಇಂಜಿನಿಯರ್ ಹುಡುಗಿ ದೊಡ್ಡ ಡಾಕ್ಟರಿಗೆ ಫೋನ್ ಮಾಡುವ ಗಡಿಬಿಡಿಯಲ್ಲಿ ಎರಡು ಸಲ ಬ್ರೇಕು ತುಳಿದುಬಿಟ್ಟಳು. “ಅಮ್ಮಾ, ಕಾರು ನಾನು ಓಡಿಸ್ತೀನಿ, ನೀವು ಮಾತಾಡಿ ಸಾಕು,” ಎಂದರು ಮಾಸ್ತರು. ಹಿಂದಿನ ಸೀಟಿನಲ್ಲಿ ಕುಂಚಣ್ಣ ಹೆಂಡತಿಯ ಹೆಗಲಿಗೆ ಒರಗಿ ತೂಕಡಿಸುತ್ತಿದ್ದರು. ಟೈಪಿಸ್ಟಮ್ಮ ದಾರಿಯುದ್ದಕ್ಕೂ ಅವರನ್ನು ಮಾತಿಗೆಳೆದರು. ಯಾವ ಬಣ್ಣ ಬಿಸಿಲಿಗೆ ಬೇಗ ಮಾಸುತ್ತೆ, ಕುಂಚ ಯಾವುದರಲ್ಲಿ ತೊಳೀತೀರಿ, ಕೈ ನಡುಗಿದ ದಿನ ಏನು ಮಾಡ್ತೀರಿ. ಅವರು ಉತ್ತರ ಕೊಡುತ್ತಿದ್ದರು. ಒಂದೊಂದು ಉತ್ತರವೂ ಮೊದಲಿನದಕ್ಕಿಂತ ತಡವಾಗಿ ಬರುತ್ತಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರು ಕಾಯುತ್ತಿತ್ತು, ಅದರ ಪಕ್ಕದಲ್ಲಿ ದೊಡ್ಡ ಡಾಕ್ಟರು ನಿಂತಿದ್ದರು. ಹೊಸ ಸ್ಕ್ಯಾನು ನೋಡಲು ಯಾವ ಪ್ರೋಗ್ರಾಮೂ ಬೇಕಿರಲಿಲ್ಲ. ಬಲಗಡೆ ಬುರುಡೆಗೂ ಮೆದುಳಿಗೂ ನಡುವೆ ಹೆಬ್ಬೆರಳಿನಷ್ಟು ದಪ್ಪಕ್ಕೆ ರಕ್ತ ನಿಂತಿತ್ತು. ಮೆದುಳಿನ ನಡುಗೆರೆ ಎಡಕ್ಕೆ ಸರಿದಿತ್ತು. ರಕ್ತ ಹೆಪ್ಪುಗಟ್ಟಿಸಲು ಇಂಜೆಕ್ಷನ್ ಕೊಟ್ಟು, ಮಧ್ಯಾಹ್ನ ಮೂರಕ್ಕೆ ಮೆದುಳಿನ ಸರ್ಜನ್ ಅವರನ್ನು ಒಳಗೆ ತೆಗೆದುಕೊಂಡರು. ಬುರುಡೆಯಲ್ಲಿ ಎರಡು ಸಣ್ಣ ತೂತು ಕೊರೆದು, ಹಳೆಯ ಎಂಜಿನ್ ಎಣ್ಣೆಯಂಥ ಕಪ್ಪು ರಕ್ತವನ್ನು ಹೊರಗೆ ಹರಿಸಿದರು. ಐದಕ್ಕೆ ಹೊರಬಂದವರೇ, “ಒತ್ತಿಹೋಗಿದ್ದ ಮೆದುಳು ಚೆನ್ನಾಗಿ ಮೇಲೆದ್ದಿದೆ. ಇನ್ನು ನಾಲ್ಕು ದಿನ ತಡವಾಗಿದ್ರೆ ನಾನು ಬೇರೆ ಮಾತಾಡಬೇಕಿತ್ತು,” ಎಂದು ಹೇಳಿ ಕೈ ತೊಳೆಯಲು ಹೋದರು.

ಮರುದಿನ ಬೆಳಿಗ್ಗೆ ಕುಂಚಣ್ಣ ಎಡಗೈಯನ್ನು ಎತ್ತಿ, ಹತ್ತು ಎಣಿಸುವವರೆಗೂ ಹಿಡಿದು ತೋರಿಸಿದರು. ಹನ್ನೊಂದು, ಹನ್ನೆರಡು ಎಂದು ತಾವೇ ಮುಂದುವರಿಸಿದರು. ನರ್ಸು ಸಾಕು ಎಂದ ಮೇಲೆ ಇಳಿಸಿದರು.

ಅದೇ ಹೊತ್ತಿಗೆ ದೊಡ್ಡ ಡಾಕ್ಟರು ವಾರ್ಡಿಗೆ ಬಂದು, ಕುಂಚಣ್ಣನ ಹೆಂಡತಿಯನ್ನು ಕಾರಿಡಾರಿನ ಬೆಂಚಿಗೆ ಕರೆದು ಕೂರಿಸಿದರು. ತಾವೂ ಪಕ್ಕದಲ್ಲಿ ಕೂತರು. ಟೈಪಿಸ್ಟಮ್ಮ ಎದ್ದು ಹೋಗಲು ನೋಡಿದರು, ಡಾಕ್ಟರು ಬೇಡವೆಂದು ಸನ್ನೆ ಮಾಡಿದರು.

“ಮೊದಲನೇ ಸ್ಕ್ಯಾನು ನೋಡಿದ್ದು ನಾನು,” ಎಂದರು. “ರಕ್ತ ಅವತ್ತೇ ಇತ್ತು. ನನ್ನ ಕಣ್ಣಿಗೆ ಬೀಳಲಿಲ್ಲ. ನಿಮಗೆ ಇದನ್ನ ನಾನೇ ಹೇಳಬೇಕಿತ್ತು.”

ಆಕೆ ಅವರನ್ನೇ ನೋಡಿದರು. “ಅವತ್ತೇ ಗೊತ್ತಾಗಿದ್ರೆ?”

“ಆ ಮಾತ್ರೆ ನಿಲ್ಲಿಸ್ತಿದ್ದೆವು. ಒಂದು ವಾರ ಬಿಟ್ಟು ಮತ್ತೆ ನೋಡ್ತಿದ್ದೆವು. ಬಹುಶಃ ತೂತು ಕೊರೆಯೋ ತನಕ ಬರ್ತಿರಲಿಲ್ಲ.”

ಆಕೆ ಸೆರಗನ್ನೋ ಕರವಸ್ತ್ರವನ್ನೋ ಹುಡುಕಲಿಲ್ಲ. ಅಳುವ ಹೊತ್ತು ಹಿಂದಿನ ದಿನವೇ ಕಳೆದಿತ್ತು. “ಹದಿನೆಂಟು ದಿನ ಅವರನ್ನ ಬೈದಿದೀನಿ ಡಾಕ್ಟ್ರೇ. ಚಪ್ಪಲಿ ಎಳೀಬೇಡಿ, ಲೋಟ ಬೀಳಿಸ್ಬೇಡಿ ಅಂತ. ನಂಗೆ ನಿಮ್ಮ ಮೇಲೆ ಸಿಟ್ಟಿದೆ. ಸ್ವಲ್ಪ ದಿನ ಇರುತ್ತೆ.”

“ಇರಲಿ,” ಎಂದರು ಡಾಕ್ಟರು.

“ಆದ್ರೂ ನೀವೇ ಬಂದು ಹೇಳಿದ್ರಿ,” ಎಂದು ಆಕೆ ಎದ್ದು ಗಂಡನ ಹತ್ತಿರ ಹೋದರು.

ಹಳೆಯ ರಿಪೋರ್ಟನ್ನು ಡಾಕ್ಟರು ಅಳಿಸಲಿಲ್ಲ. ಅದರ ಕೆಳಗೆ ತಿದ್ದುಪಡಿಯೊಂದನ್ನು ಸೇರಿಸಿ, ಯಾವ ಹೋಳಿನಲ್ಲಿ ಏನಿತ್ತು, ಯಾರಿಗೆ ಕಾಣಲಿಲ್ಲ, ಯಾವುದು ಹಿಡಿಯಿತು ಎಂದು ಬರೆದರು. ಶುಕ್ರವಾರ ಕಿರಿಯ ಡಾಕ್ಟರುಗಳನ್ನೆಲ್ಲ ಸೇರಿಸಿ ಅದೇ ಸ್ಕ್ಯಾನನ್ನು ದೊಡ್ಡ ಪರದೆಯ ಮೇಲೆ ಹಾಕಿ, ಸುಳಿವು ಕೊಡದೆ ಏನಿದೆ ಎಂದು ಕೇಳಿದರು. ಹದಿನಾಲ್ಕು ಜನರಲ್ಲಿ ಇಬ್ಬರು ಮಾತ್ರ ಹೇಳಿದರು. ಹಿಂದೆ ಕೂತಿದ್ದ ಇಂಜಿನಿಯರ್ ಹುಡುಗಿಯನ್ನು ಮುಂದಕ್ಕೆ ಕರೆದು, “ಇವಳು ಮಾಡಿದ್ದು ಎಲ್ಲೆಲ್ಲಿ ತಪ್ಪುತ್ತೆ ಅಂತ ಮೊದಲು ಕೇಳಿಸ್ಕೊಳ್ಳಿ. ಆಮೇಲೆ ಎಲ್ಲೆಲ್ಲಿ ಹಿಡಿಯುತ್ತೆ ಅಂತ ಹೇಳ್ತಾಳೆ,” ಎಂದರು. ಅವಳು ಒಂದು ಗಂಟೆ ಮಾತಾಡಿದಳು. ಒಮ್ಮೆಯೂ ತಡವರಿಸಲಿಲ್ಲ.

ತಿಂಗಳು ಕಳೆಯುವುದರಲ್ಲಿ ಪ್ರೋಗ್ರಾಂ ದಿನನಿತ್ಯದ ಕೆಲಸಕ್ಕೆ ಬಂತು. ಹೊಸ ಸ್ಕ್ಯಾನುಗಳನ್ನು ಡಾಕ್ಟರು ನೋಡಿ ರಿಪೋರ್ಟು ಬರೆದ ಮೇಲೆ ಅದೂ ನೋಡುತ್ತದೆ. ಇಬ್ಬರ ಮಾತು ಹೊಂದದಿದ್ದರೆ ಬೆಳಿಗ್ಗೆ ಎಂಟಕ್ಕೆ ಒಂದು ಪಟ್ಟಿ ಬರುತ್ತದೆ, ಇನ್ನೊಬ್ಬ ಡಾಕ್ಟರು ಅದನ್ನು ನೋಡಿ ತೀರ್ಮಾನಿಸುತ್ತಾರೆ. ರೋಗಿಯ ಅರ್ಜಿಯಲ್ಲಿ ಈಗ ಎರಡು ಫೋನ್ ನಂಬರುಗಳಿಗೆ ಜಾಗವಿದೆ, ಮನೆಯ ನಂಬರು ಬರೆಯದೆ ಗುಮಾಸ್ತರು ಅರ್ಜಿ ತೆಗೆದುಕೊಳ್ಳುವುದಿಲ್ಲ. ಅವೆರಡನ್ನೂ ಮಾಡಿಸಿದ್ದು ಟೈಪಿಸ್ಟಮ್ಮ.

ಪಟ್ಟಿ ಬಂದ ಆರನೆಯ ದಿನ ಅದರಲ್ಲಿ ಎರಡು ಸ್ಕ್ಯಾನುಗಳಿದ್ದವು. ಒಂದರಲ್ಲಿ ಏನೂ ಇರಲಿಲ್ಲ. ಇನ್ನೊಂದನ್ನು ನೋಡಿ ಡಾಕ್ಟರು, “ಕರೆಸಿ,” ಎಂದರು. ಟೈಪಿಸ್ಟಮ್ಮ ಅರ್ಜಿ ತೆಗೆದು, ಕನ್ನಡಕ ಏರಿಸಿ, ನಂಬರು ಒತ್ತಿದರು. ಮೂರನೆಯ ರಿಂಗಿಗೆ ಯಾರೋ ಎತ್ತಿದರು.

“ನಮಸ್ಕಾರ, ಆಸ್ಪತ್ರೆಯಿಂದ ಮಾತಾಡ್ತಿದೀನಿ,” ಎಂದರು ಅವರು. “ಗಾಬರಿ ಆಗೋದೇನೂ ಬೇಡ, ಸಮಯ ಇದೆ. ನೀವೀಗ ಎಲ್ಲಿದೀರಿ, ಜೊತೇಲಿ ಯಾರಿದಾರೆ, ಅದನ್ನ ಹೇಳಿ ಮೊದಲು.”